ರಬ್ಬರ್ ಬ್ಯಾಂಡಿನ ಕೈಪಟ್ಟಿ

ಚಿಕ್ಕ ರಬ್ಬರ್ ಬ್ಯಾಂಡುಗಳನ್ನು ಹೊಲಿಯದೆ, ಅಂಟಿಸದೆ, ನಡುವೆ ಎಲ್ಲಿಯೂ ಗಂಟು ಹಾಕದೆ, ಒಂದರ ಕುಣಿಕೆಯೊಳಗೆ ಇನ್ನೊಂದನ್ನು ತೂರಿಸುತ್ತ ಹೋಗಿ ಮಣಿಕಟ್ಟಿನ ಅಳತೆಗೆ ಹೆಣೆದ ಆಭರಣಕ್ಕೆ ರಬ್ಬರ್ ಬ್ಯಾಂಡಿನ ಕೈಪಟ್ಟಿ ಎಂದು ಹೆಸರು. ಮಕ್ಕಳ ಮಾತಿನಲ್ಲಿ ಇದು ರಬ್ಬರ್ ಬ್ರೇಸ್‌ಲೆಟ್. ಬ್ಯಾಂಡನ್ನು ಬೆರಳಿಗೋ ಮೊಳೆಗೋ ಸಿಕ್ಕಿಸಿ ಎಳೆದಾಗ ಬಾಗುವ ತುದಿಯೇ ಇಲ್ಲಿ ಕುಣಿಕೆ. ಇದನ್ನು ಹೆಣೆಯಲು ಅಂಗಡಿಯ ವಿಶೇಷ ಸಲಕರಣೆ ಬೇಕಿಲ್ಲ. ಎರಡು ಬೆರಳು, ಅಗಲ ಹಲ್ಲಿನ ಬಾಚಣಿಕೆ, ಪೆನ್ಸಿಲು, ಹಲಗೆಗೆ ಬಡಿದ ಮೊಳೆ, ತುದಿ ಬಾಗಿಸಿದ ತಂತಿ ಇಷ್ಟೇ ಸಾಕು. 2010ರ ದಶಕದಲ್ಲಿ ಜಗತ್ತಿನ ಹಲವು ದೇಶಗಳ ಮಕ್ಕಳಲ್ಲಿ ಹಬ್ಬಿದ ಈ ಕೈಗೆಲಸವನ್ನು ಇಲ್ಲಿ ಮಹಾರಾಷ್ಟ್ರದ ಸೊಲ್ಲಾಪುರ ಜಿಲ್ಲೆಯ ಅಕ್ಕಲಕೋಟ ತಾಲ್ಲೂಕಿನಲ್ಲಿರುವ ದುಧನಿಯಂಥ ಗಡಿಯೂರಿನ ಮನೆಗಳಲ್ಲಿ ದೊರೆಯುವ ವಸ್ತುಗಳನ್ನೂ ಅಲ್ಲಿಯ ಕಟ್ಟುವ, ಹೆಣೆಯುವ ರೂಢಿಗಳನ್ನೂ ಆಧಾರವಾಗಿಟ್ಟುಕೊಂಡು ವಿವರಿಸಲಾಗಿದೆ. ಈ ಕಸುಬಿನಲ್ಲಿ ಹೊಸದು ರಬ್ಬರ್ ಮಾತ್ರ. ಬೆರಳಿನ ಚಳಕ ಬಹಳ ಹಳೆಯದು.

ದುಧನಿ ಸೊಲ್ಲಾಪುರದಿಂದ ವಾಡಿಯ ಕಡೆಗೆ ಹೋಗುವ ರೈಲುಮಾರ್ಗದ ಮೇಲಿದೆ. ಮುಂಬಯಿಯಿಂದ ಬಂದ ಗ್ರೇಟ್ ಇಂಡಿಯನ್ ಪೆನಿನ್ಸುಲಾ ರೈಲ್ವೆ 1871ರಲ್ಲಿ ರಾಯಚೂರು ಮುಟ್ಟಿ ಮದರಾಸಿನ ಮಾರ್ಗದೊಂದಿಗೆ ಕೂಡಿಕೊಂಡಿತು. ಆ ಹಳಿಯೇ ಇಂದಿಗೂ ಈ ಊರನ್ನು ಒಂದೆಡೆ ಸೊಲ್ಲಾಪುರಕ್ಕೂ ಇನ್ನೊಂದೆಡೆ ಗಾಣಗಾಪುರ, ಕಲಬುರಗಿಗಳಿಗೂ ಜೋಡಿಸುತ್ತದೆ. ಮನೆಯಲ್ಲಿ ಕನ್ನಡ, ಕಚೇರಿಯಲ್ಲಿ ಮರಾಠಿ ಎನ್ನುವ ಈ ಸೀಮೆಯಲ್ಲಿ ಮಣಿಕಟ್ಟಿಗೆ ಏನನ್ನಾದರೂ ಕಟ್ಟುವ ರೂಢಿ ಬಗೆಬಗೆಯಾಗಿದೆ. ಮದುವೆಯಲ್ಲಿ ಅರಿಶಿಣದ ಕೊಂಬನ್ನು ಹಳದಿ ದಾರಕ್ಕೆ ಕಟ್ಟಿ ತೊಡಿಸುವ ಕಂಕಣ, ಶ್ರಾವಣದ ನೂಲಹುಣ್ಣಿಮೆಯಂದು ಅಣ್ಣತಮ್ಮಂದಿರ ಕೈಗೆ ಬರುವ ರಾಖಿ, ಜಾತ್ರೆಯಿಂದ ತಂದ ಕರಿದಾರ, ಕೈತುಂಬ ಇಡಿಸಿಕೊಳ್ಳುವ ಹಸಿರು ಗಾಜಿನ ಬಳೆ ಇವೆಲ್ಲ ಒಂದೇ ಮಣಿಕಟ್ಟಿನ ಬೇರೆ ಬೇರೆ ಕಾಲದ ಒಡವೆಗಳು. ಇಷ್ಟಲಿಂಗದ ಕರಡಿಗೆಯನ್ನು ಕೊರಳಲ್ಲಿ ಧರಿಸಲು ಹಲವು ಎಳೆಗಳನ್ನು ಕೂಡಿಸಿ ಮಾಡುವ ಶಿವದಾರವೂ, ಕಾರಹುಣ್ಣಿಮೆಗೆ ಎತ್ತುಗಳ ಕೋಡು, ಕೊರಳುಗಳಿಗೆ ಕಟ್ಟುವ ಬಣ್ಣದ ಗೊಂಡೆಗಳೂ ಇದೇ ಕೈಗಳ ಕೆಲಸ. ಹನ್ನೆರಡನೆಯ ಶತಮಾನದ ಶರಣರಲ್ಲಿ ಒಬ್ಬನಾದ ನುಲಿಯ ಚಂದಯ್ಯನು ಹುಲ್ಲಿನ ಹಗ್ಗ ಹೊಸೆಯುವುದನ್ನೇ ಕಾಯಕವಾಗಿ ಮಾಡಿಕೊಂಡಿದ್ದನೆಂಬುದನ್ನು ನೆನೆದರೆ, ನೂಲುವ ಹೊಸೆಯುವ ಕೆಲಸಕ್ಕೆ ಇಲ್ಲಿಯ ಬದುಕಿನಲ್ಲಿ ಎಂಥ ಮನ್ನಣೆಯಿದೆ ಎಂಬುದು ತಿಳಿಯುತ್ತದೆ.

ಆದರೆ ಹಗ್ಗಕ್ಕೂ ರಬ್ಬರ್ ಹೆಣಿಗೆಗೂ ಮೂಲದಲ್ಲೇ ಒಂದು ವ್ಯತ್ಯಾಸವಿದೆ. ಹಗ್ಗದ ಎಳೆಗಳು ಹುರಿಯ ತಿರುವಿನಿಂದ ಒಂದನ್ನೊಂದು ಒತ್ತಿ, ಆ ಒತ್ತಿನ ಘರ್ಷಣೆಯಿಂದ ನಿಲ್ಲುತ್ತವೆ. ಹುರಿ ಬಿಚ್ಚಿದರೆ ಹಗ್ಗವೂ ಇಲ್ಲ. ರಬ್ಬರ್ ಕೈಪಟ್ಟಿಯಲ್ಲಿ ಹುರಿಯೇ ಇರುವುದಿಲ್ಲ. ಪ್ರತಿಯೊಂದು ಬ್ಯಾಂಡೂ ಹಿಗ್ಗಿದ ಸ್ಥಿತಿಯಿಂದ ತನ್ನ ಮೊದಲಿನ ಅಳತೆಗೆ ಮರಳಲು ಹವಣಿಸುತ್ತ, ತನ್ನೊಳಗೆ ತೂರಿಬಂದ ಬ್ಯಾಂಡಿನ ಸೊಂಟವನ್ನು ಬಿಗಿಯಾಗಿ ಹಿಡಿಯುತ್ತದೆ. ಹೀಗಾಗಿ ಎಲ್ಲ ಬ್ಯಾಂಡುಗಳೂ ಬಿಡಿಯಾಗಿದ್ದೂ ಒಂದರ ಹಿಡಿತದಲ್ಲಿ ಇನ್ನೊಂದು ನಿಂತಿರುತ್ತದೆ, ಕೊನೆಯದನ್ನು ಮಾತ್ರ ಬೇರೆ ಏನಾದರೂ ಹಿಡಿಯಬೇಕಾಗುತ್ತದೆ. ಅದನ್ನು ಬಿಟ್ಟರೆ ಇಡೀ ಪಟ್ಟಿ ಸರಸರನೆ ಬಿಚ್ಚಿಕೊಳ್ಳುವುದು ಇದರ ದೋಷವೆಂದು ತೋರಬಹುದು; ಕಲಿಯುವವರಿಗೆ ಅದೇ ದೊಡ್ಡ ಅನುಕೂಲ, ಏಕೆಂದರೆ ತಪ್ಪಿದ ಹೆಣಿಗೆಯನ್ನು ಬಿಚ್ಚಿ ಅದೇ ಬ್ಯಾಂಡುಗಳಿಂದ ಮತ್ತೆ ಹೆಣೆಯಬಹುದು.

ಈ ಹಿಡಿತಕ್ಕೆ ಕಾರಣವಾದ ವಸ್ತುವಿನ ಚರಿತ್ರೆ ಉದ್ದವಾಗಿದೆ. ಮಧ್ಯ ಅಮೆರಿಕದ ಪ್ರಾಚೀನ ಜನರು ಮೂರು ಸಾವಿರಕ್ಕೂ ಹೆಚ್ಚು ವರ್ಷಗಳ ಹಿಂದೆಯೇ ಮರದ ಹಾಲಿಗೆ ಒಂದು ಬಗೆಯ ಬಳ್ಳಿಯ ರಸವನ್ನು ಬೆರೆಸಿ ಪುಟಿಯುವ ಚೆಂಡುಗಳನ್ನು ಮಾಡುತ್ತಿದ್ದರು. ಕಚ್ಚಾ ರಬ್ಬರ್ ಸೆಕೆಗೆ ಅಂಟಂಟಾಗಿ ಚಳಿಗೆ ಬಿರುಸಾಗುವ ವಸ್ತು. ಅದನ್ನು ಗಂಧಕದೊಡನೆ ಕಾಯಿಸಿದರೆ ಎರಡೂ ದೋಷಗಳು ತಗ್ಗುತ್ತವೆಂಬುದನ್ನು ಅಮೆರಿಕದ ಚಾರ್ಲ್ಸ್ ಗುಡ್‌ಇಯರ್ 1839ರಲ್ಲಿ ಕಂಡುಕೊಂಡು 1844ರಲ್ಲಿ ಹಕ್ಕುಪತ್ರ ಪಡೆದನು. ವಲ್ಕನೀಕರಣವೆಂದು ಹೆಸರಾದ ಈ ಕ್ರಿಯೆಯಲ್ಲಿ ರಬ್ಬರಿನ ಉದ್ದುದ್ದ ಅಣುಸರಪಳಿಗಳ ನಡುವೆ ಗಂಧಕವು ಸೇತುವೆಯಂತೆ ಕೂತು, ಎಳೆದರೂ ಅವು ಜಾರಿಹೋಗದಂತೆ ಬಂಧಿಸುತ್ತದೆ. ಲಂಡನ್ನಿನ ಸ್ಟೀಫನ್ ಪೆರ್ರಿ 1845ರ ಮಾರ್ಚ್ 17ರಂದು ರಬ್ಬರ್ ಬ್ಯಾಂಡಿಗೆ ಹಕ್ಕುಪತ್ರ ಪಡೆದಾಗ ಅದರ ಕೆಲಸ ಕಾಗದ, ಲಕೋಟೆಗಳನ್ನು ಕಟ್ಟಿಡುವುದಷ್ಟೇ ಆಗಿತ್ತು. ರಬ್ಬರನ್ನು ಉದ್ದನೆಯ ಕೊಳವೆಯಾಗಿ ಒತ್ತಿ ತೆಗೆದು, ಕಾಯಿಸಿ ಗಟ್ಟಿಗೊಳಿಸಿ, ಬಳಿಕ ಬಿಲ್ಲೆಬಿಲ್ಲೆಯಾಗಿ ಕತ್ತರಿಸಿದರೆ ಬ್ಯಾಂಡುಗಳು ದೊರೆಯುತ್ತವೆ. ಭಾರತದಲ್ಲಿ ರಬ್ಬರ್ ಬೆಳೆಯ ಬಹುಪಾಲು ಕೇರಳದ್ದು. ಕರ್ನಾಟಕದಲ್ಲಿ ಸುಳ್ಯ, ಪುತ್ತೂರು, ಬೆಳ್ತಂಗಡಿಗಳ ಕಡೆ ರಬ್ಬರ್ ತೋಟಗಳಿವೆ. ಮಳೆ ಕಡಿಮೆಯಾದ ಜೋಳದ ಸೀಮೆಯ ದುಧನಿಗೆ ರಬ್ಬರ್ ಮರ ಅಪರಿಚಿತವೇ ಆದರೂ ಅದರ ಹಾಲಿನಿಂದಾದ ವಸ್ತುಗಳು ಮನೆಮನೆಯಲ್ಲೂ ಇವೆ.

ಹೀಗೆ ಮನೆಯಲ್ಲಿರುವ ಬ್ಯಾಂಡುಗಳು ಮೂರು ಬಗೆಯವು. ಕಿರಾಣಿ ಅಂಗಡಿಯ ಪೊಟ್ಟಣ, ಫರಸಾಣದ ಚೀಲ, ನೋಟಿನ ಕಂತೆಗಳ ಜೊತೆಗೆ ಬರುವ ಸಾಮಾನ್ಯ ಬ್ಯಾಂಡು ಮೊದಲನೆಯದು. ಅದು ಗಾತ್ರದಲ್ಲಿ ದೊಡ್ಡದಾದ್ದರಿಂದ ಎರಡು ಸುತ್ತಾಗಿ ಮಡಿಚಿ ಹೆಣೆಯಬೇಕಾಗುತ್ತದೆ. ಎರಡನೆಯದು ಜಾತ್ರೆಯ ಬಳೆಯಂಗಡಿಯಲ್ಲಿಯೂ ಫ್ಯಾನ್ಸಿ ಅಂಗಡಿಯಲ್ಲಿಯೂ ಚಿಕ್ಕ ಪೊಟ್ಟಣಗಳಲ್ಲಿ ಸಿಗುವ ಜಡೆಯ ರಬ್ಬರು. ಸುಮಾರು ಒಂದೂವರೆ ಸೆಂಟಿಮೀಟರ್ ಅಡ್ಡಳತೆಯ, ಕಪ್ಪು ಮತ್ತು ಹಲವು ಬಣ್ಣಗಳ ಈ ಪುಟ್ಟ ಬ್ಯಾಂಡುಗಳೇ ಕೈಪಟ್ಟಿಗೆ ಎಲ್ಲಕ್ಕಿಂತ ಒಪ್ಪುವಂಥವು. ಮೂರನೆಯದು ಹಳೆಯ ಸೈಕಲ್ ಟ್ಯೂಬನ್ನು ಕತ್ತರಿಯಿಂದ ಅಡ್ಡಡ್ಡ ಕತ್ತರಿಸಿದ ಬಳೆಯಾಕಾರದ ತುಂಡು. ಚೀಲದ ಬಾಯಿ ಬಿಗಿಯಲು, ಕವಣೆಬಿಲ್ಲು ಕಟ್ಟಲು ಹಳ್ಳಿಗಳಲ್ಲಿ ಇದು ಮೊದಲಿನಿಂದಲೂ ಬಳಕೆಯಲ್ಲಿದೆ. ಬಣ್ಣ ಒಂದೇ, ಕಪ್ಪು; ಆದರೆ ಎರಡು ಮಿಲಿಮೀಟರ್ ಅಗಲಕ್ಕೆ ಒಂದೇ ಸಮನಾಗಿ ಕತ್ತರಿಸಿದ ಟ್ಯೂಬಿನ ಬ್ಯಾಂಡು ಬಲದಲ್ಲಿ ಉಳಿದೆರಡನ್ನೂ ಮೀರಿಸುತ್ತದೆ, ಹಣವನ್ನಂತೂ ಕೇಳುವುದಿಲ್ಲ. ಹಳೆಯ ಸೀರೆಗಳನ್ನು ಪದರ ಪದರವಾಗಿ ಹೊಲಿದು ಕೌದಿ ಮಾಡುವ ನಾಡಿನಲ್ಲಿ ಹಳೆಯ ಟ್ಯೂಬು ಒಡವೆಯಾಗುವುದು ಸಹಜವಾದ ಮುಂದುವರಿಕೆ.

ಈ ಕೈಗೆಲಸಕ್ಕೆ ಜಾಗತಿಕ ಹೆಸರು ತಂದವನು ಮಲೇಷಿಯಾ ಮೂಲದ, ಅಮೆರಿಕದ ಮಿಷಿಗನ್ ರಾಜ್ಯದಲ್ಲಿ ನೆಲೆಸಿದ ಚೋಂಗ್ ಚೂನ್ ಎಂಗ್ ಎಂಬ ಎಂಜಿನಿಯರ್. ಮೋಟಾರು ಕಂಪನಿಯೊಂದರಲ್ಲಿ ಅಪಘಾತ ಸುರಕ್ಷತೆಯ ವಿಭಾಗದಲ್ಲಿ ದುಡಿಯುತ್ತಿದ್ದ ಆತ, 2010ರಲ್ಲಿ ತನ್ನ ಹೆಣ್ಣುಮಕ್ಕಳು ರಬ್ಬರ್ ಬ್ಯಾಂಡುಗಳಿಂದ ಕೈಪಟ್ಟಿ ಮಾಡುತ್ತಿದ್ದುದನ್ನು ಕಂಡು ತಾನೂ ಬೆರಳಿನಿಂದ ಹೆಣೆಯಲು ನೋಡಿ, ಬೆರಳು ದೊಡ್ಡವಾದ್ದರಿಂದ ಹಲಗೆಯ ತುಂಡಿಗೆ ಗುಂಡುಪಿನ್ನುಗಳನ್ನು ಸಾಲಾಗಿ ಚುಚ್ಚಿ ಅವುಗಳ ಮೇಲೆ ಹೆಣೆದನು. ಆ ಹಲಗೆಯೇ ಮುಂದೆ ಪ್ಲಾಸ್ಟಿಕ್ಕಿನ ಗೂಟಗಳ ಚೌಕಟ್ಟಾಗಿ, ರೇನ್‌ಬೋ ಲೂಮ್ ಎಂಬ ಹೆಸರಿನಲ್ಲಿ 2011ರಿಂದ ಮಾರಾಟಕ್ಕೆ ಬಂದು, 2013ರ ಹೊತ್ತಿಗೆ ಭಾರಿ ಬೇಡಿಕೆಯ ಆಟಿಕೆಯಾಯಿತು. ತರಗತಿಯಲ್ಲಿ ಮಕ್ಕಳ ಗಮನ ಅದರ ಮೇಲೆಯೇ ನೆಟ್ಟದ್ದರಿಂದ ನ್ಯೂಯಾರ್ಕಿನ ಕೆಲವು ಶಾಲೆಗಳು ಅದನ್ನು ನಿಷೇಧಿಸಿದ್ದವು. ಮಾರುಕಟ್ಟೆಯ ಚೌಕಟ್ಟು ಹುಟ್ಟಿದ್ದೇ ಮನೆಯ ಹಲಗೆ ಮತ್ತು ಪಿನ್ನುಗಳಿಂದ ಎಂಬುದು ಇಲ್ಲಿ ಗಮನಿಸಬೇಕಾದ ಸಂಗತಿ. ಹಲಗೆಗೆ ಮೊಳೆ ಬಡಿದುಕೊಂಡು ಹೆಣೆಯುವ ಮಗು ನಕಲನ್ನಲ್ಲ, ಮೂಲವನ್ನೇ ಬಳಸುತ್ತಿರುತ್ತದೆ.

ಆ ಹೆಸರಿನಲ್ಲಿರುವ ‘ಲೂಮ್’ ಎಂಬ ಮಾತಿಗೆ ಮಗ್ಗವೆಂದು ಅರ್ಥ. ಚಾದರು, ಟವೆಲುಗಳಿಗೆ ಹೆಸರಾದ ಸೊಲ್ಲಾಪುರದ ಸುತ್ತಿನವರಿಗೆ ಈ ಹೆಸರು ಸರಿಯೆನಿಸದಿದ್ದರೆ ಅದು ನ್ಯಾಯವೇ. ಮಗ್ಗದಲ್ಲಿ ಉದ್ದಕ್ಕೆ ಬಿಗಿದ ಎಳೆಗಳು ಹಾಸು, ಅಡ್ಡಕ್ಕೆ ಲಾಳಿಯೊಡನೆ ಓಡುವ ಎಳೆ ಹೊಕ್ಕು. ಇವೆರಡೂ ಒಂದರ ಮೇಲೆ ಕೆಳಗೆ ಇನ್ನೊಂದು ಹಾಯುತ್ತ ಬಟ್ಟೆಯಾಗುತ್ತವೆ. ರಬ್ಬರ್ ಕೈಪಟ್ಟಿಯಲ್ಲಿ ಹಾಸೂ ಇಲ್ಲ, ಹೊಕ್ಕೂ ಇಲ್ಲ. ಕುಣಿಕೆಯೊಳಗಿಂದ ಕುಣಿಕೆ ಎಳೆಯುವ ಇದರ ಕ್ರಮ ನೇಯ್ಗೆಗೆ ಸೇರದೆ ಹೆಣಿಗೆಗೆ ಸೇರುತ್ತದೆ. ಸ್ವೆಟರು ಹೆಣೆಯುವ ಎರಡು ಕಡ್ಡಿಗಳ ಕೆಲಸಕ್ಕೂ, ಕೊಕ್ಕೆಯ ಕಡ್ಡಿಯಿಂದ ತೋರಣ, ಟೇಬಲ್ ಹೊದಿಕೆ ಮಾಡುವ ಕ್ರೋಶಾ ಕೆಲಸಕ್ಕೂ ಇದು ಹತ್ತಿರದ ನಂಟು. ಕ್ರೋಶಾ ಬಲ್ಲ ಹೆಂಗಸರಿಗೆ ರಬ್ಬರ್ ಹೆಣಿಗೆ ಒಮ್ಮೆ ನೋಡಿದರೆ ಸಾಕಾಗುವುದು ಇದರಿಂದಲೇ.

ಹೆಣಿಗೆಗಳಲ್ಲಿ ಎಲ್ಲಕ್ಕಿಂತ ಸರಳವಾದದ್ದು ಸರಪಳಿ. ಒಂದು ಬ್ಯಾಂಡನ್ನು ನಡುವಿಗೆ ಮಡಿಚಿ ಮಡಿಕೆಗೆ ತುಂಡು ದಾರ ಕಟ್ಟಿ, ಅದರ ಎರಡು ತುದಿಗಳನ್ನು ಹೆಬ್ಬೆರಳು ತೋರುಬೆರಳುಗಳ ನಡುವೆ ಜೋಡಿಸಿ ಹಿಡಿಯಬೇಕು. ಆ ಎರಡೂ ಕುಣಿಕೆಗಳೊಳಗಿಂದ ಎರಡನೆಯ ಬ್ಯಾಂಡನ್ನು ಅರ್ಧದವರೆಗೆ ತೂರಿಸಿ, ಅದರ ತುದಿಗಳನ್ನೂ ಹಾಗೆಯೇ ಜೋಡಿಸಿ ಹಿಡಿದರೆ ಮೊದಲನೆಯದು ಎರಡನೆಯದರ ಮೇಲೆ ನೇತುಬೀಳುತ್ತದೆ. ಮೂರನೆಯದನ್ನು ಎರಡನೆಯದರೊಳಗೆ, ನಾಲ್ಕನೆಯದನ್ನು ಮೂರನೆಯದರೊಳಗೆ ತೂರಿಸುತ್ತ ಸಾಗಬೇಕು. ಜಡೆಯ ರಬ್ಬರಾದರೆ ಮಗುವಿನ ಮಣಿಕಟ್ಟಿಗೆ ಸುಮಾರು 25ರಿಂದ 30 ಬ್ಯಾಂಡುಗಳು ಹಿಡಿಯುತ್ತವೆ. ಒಂದೇ ಒಂದು ತುದಿ ಬೆರಳಿನಿಂದ ಜಾರಿದರೂ ಸರಪಳಿ ಅಲ್ಲಿಗೆ ಕಡಿದುಹೋಗುವುದರಿಂದ ಕೆಲಸ ಸಾವಧಾನ ಬೇಡುತ್ತದೆ.

ಇದಕ್ಕಿಂತ ದಪ್ಪನೆಯ, ನೋಡಲು ಚೆಲುವಾದ ಹೆಣಿಗೆಗೆ ಮೀನಿನ ಬಾಲವೆಂದು ಹೆಸರು. ನಡುಗೆರೆಯ ಎರಡು ಬದಿಗೂ ಓರೆಯಾಗಿ ಕೂತ ಕುಣಿಕೆಗಳ ಸಾಲನ್ನು ಗೋಧಿಯ ತೆನೆಗೆ ಹೋಲಿಸಿದರೂ ಸಲ್ಲುತ್ತದೆ. ಎಡಗೈಯ ತೋರುಬೆರಳು ಮತ್ತು ನಡುಬೆರಳುಗಳನ್ನು ಸ್ವಲ್ಪ ಅಗಲಿಸಿ, ಮೊದಲ ಬ್ಯಾಂಡನ್ನು ನಡುವೆ ಒಂದು ತಿರುವು ಕೊಟ್ಟು, ಎರಡೂ ಬೆರಳುಗಳ ಸುತ್ತ ಒಂದೊಂದು ಕಣ್ಣು ಬರುವಂತೆ ತೊಡಿಸಬೇಕು. ಅದರ ಮೇಲೆ ಎರಡನೆಯ, ಮೂರನೆಯ ಬ್ಯಾಂಡುಗಳನ್ನು ತಿರುವಿಲ್ಲದೆ ನೇರವಾಗಿ ಹಾಕಿ, ತಳದಲ್ಲಿರುವ ಮೊದಲ ಬ್ಯಾಂಡಿನ ಕಣ್ಣನ್ನು ಒಂದು ಬೆರಳಿನಿಂದ ಎತ್ತಿ ಮೇಲಿನ ಎರಡರ ಮೇಲಿಂದ ದಾಟಿಸಿ ಎರಡು ಬೆರಳುಗಳ ನಡುವೆ ಬಿಡಬೇಕು, ಇನ್ನೊಂದು ಬೆರಳಿನ ಕಣ್ಣನ್ನೂ ಹಾಗೆಯೇ ಬಿಡಬೇಕು. ಈಗ ಬೆರಳುಗಳ ಮೇಲೆ ಎರಡು ಬ್ಯಾಂಡುಗಳು ಉಳಿದಿರುತ್ತವೆ. ಹೊಸದೊಂದನ್ನು ಮೇಲೆ ಹಾಕಿ ಮತ್ತೆ ತಳದ್ದನ್ನು ಎತ್ತಿ ದಾಟಿಸಬೇಕು. ಹಾಕುವುದು, ಎತ್ತುವುದು, ನಡುವೆ ಬಿಡುವುದು ಎಂಬ ಮೂರು ಚಲನೆಗಳ ಲಯ ಕೈಗೆ ಹತ್ತಿದ ಮೇಲೆ ಕಣ್ಣಿನ ಸಹಾಯವೂ ಅಷ್ಟಾಗಿ ಬೇಕಾಗುವುದಿಲ್ಲ. ಮಣಿಕಟ್ಟಿನ ಅಳತೆಗೆ ಸುಮಾರು 50 ಬ್ಯಾಂಡುಗಳು ಬೇಕು.

ಮೊದಲ ಬ್ಯಾಂಡಿಗೆ ಮಾತ್ರ ತಿರುವೇಕೆ ಎಂಬುದನ್ನು ಕಲಿಸುವವರು ಬಹಳ ಸಲ ಹೇಳದೆ ಬಿಡುತ್ತಾರೆ, ಕಲಿಯುವವರು ಅಲ್ಲಿಯೇ ಎಡವುತ್ತಾರೆ. ತಿರುವು ಕೊಟ್ಟಾಗ ಆ ಬ್ಯಾಂಡಿನ ಎರಡು ಎಳೆಗಳು ಬೆರಳುಗಳ ನಡುವೆ ಒಂದನ್ನೊಂದು ಹಾಯುತ್ತವೆ. ಕಣ್ಣುಗಳನ್ನು ಎತ್ತಿ ನಡುವೆ ಬಿಟ್ಟಾಗ ಅದು ಮೇಲಿನ ಬ್ಯಾಂಡಿನ ಸೊಂಟವನ್ನು ಕೆಳಗಿನಿಂದಲೂ ಮೇಲಿನಿಂದಲೂ ಸುತ್ತಿ ಹಿಡಿಯುತ್ತದೆ. ತಿರುವಿಲ್ಲದಿದ್ದರೆ ಅದು ಮೇಲಿನದರ ಮೇಲೆ ಜೋತುಬಿದ್ದಂತಿದ್ದು ಆರಂಭದ ತುದಿ ಸಡಿಲವಾಗಿಯೇ ಉಳಿಯುತ್ತದೆ. ಮುಂದಿನ ಬ್ಯಾಂಡುಗಳ ಸೊಂಟವನ್ನು ಅವುಗಳ ಹಿಂದಿನವು ಆಗಲೇ ಒತ್ತಿ ಕೂಡಿಸಿರುವುದರಿಂದ ಅವಕ್ಕೆ ತಿರುವಿನ ಅಗತ್ಯವಿಲ್ಲ.

ಬೆರಳಿಗೆ ಬದಲಾಗಿ ಬಳಸುವ ವಸ್ತುಗಳು ಅನೇಕ. ಅಗಲ ಹಲ್ಲಿನ ಬಾಚಣಿಕೆಯ, ಅಂದರೆ ಈ ಭಾಗದ ಮಾತಿನಲ್ಲಿ ಹಣಿಗೆಯ, ಒಂದು ಹಲ್ಲು ಬಿಟ್ಟು ಇನ್ನೊಂದನ್ನು ಗೂಟವಾಗಿ ಬಳಸಬಹುದು. ಊಟದ ಫೋರ್ಕಿನ ಹಲ್ಲುಗಳೂ ಅದೇ ಕೆಲಸ ಕೊಡುತ್ತವೆ. ಹಳೆಯ ರಬ್ಬರ್ ಚಪ್ಪಲಿಯ ಅಟ್ಟೆಗೆ ಎರಡು ಪೆನ್ಸಿಲುಗಳನ್ನು ನೆಟ್ಟಗೆ ಚುಚ್ಚಿ ನಿಲ್ಲಿಸಿದರೆ ಕೈಗಳೆರಡೂ ಬಿಡುವಾಗುತ್ತವೆ. ಹಲಗೆಯ ಮೇಲೆ ಮೂರು ಸಾಲು ಮೊಳೆಗಳನ್ನು, ನಡುಸಾಲು ಅರ್ಧ ಹೆಜ್ಜೆ ಮುಂದಿರುವಂತೆ ಬಡಿದುಕೊಂಡರೆ ಬೆರಳಿನಿಂದಾಗದ ಅಗಲವಾದ ಪಟ್ಟಿಗಳನ್ನೂ ಹೂವಿನಾಕಾರಗಳನ್ನೂ ಹೆಣೆಯಬಹುದು. ಅಲ್ಲಿ ಬ್ಯಾಂಡುಗಳನ್ನೆಲ್ಲ ಮೊದಲೇ ಮೊಳೆಯಿಂದ ಮೊಳೆಗೆ ಹರಡಿ, ಬಳಿಕ ಕೊಕ್ಕೆಯಿಂದ ಪ್ರತಿ ಮೊಳೆಯ ತಳದ ಬ್ಯಾಂಡನ್ನು ಒಳಗಿನಿಂದ ಹಿಡಿದೆತ್ತಿ ಮುಂದಿನ ಮೊಳೆಗೆ ದಾಟಿಸುತ್ತ ಹೋಗುವುದು ಕ್ರಮ. ಕೊಕ್ಕೆಗೆ ಕ್ರೋಶಾ ಕಡ್ಡಿ ಶ್ರೇಷ್ಠ. ಅದಿಲ್ಲದಿದ್ದರೆ ಬಿಡಿಸಿ ಬಾಗಿಸಿದ ಪೇಪರ್ ಕ್ಲಿಪ್ಪು, ತಲೆಯ ಪಿನ್ನು, ತುದಿಯನ್ನು ಕಲ್ಲಿಗೆ ಉಜ್ಜಿ ಮೊಂಡು ಮಾಡಿದ ಸೈಕಲ್ಲಿನ ಕಡ್ಡಿ ಸಾಕು. ಇಷ್ಟೆಲ್ಲ ಇದ್ದರೂ ಕಲಿಕೆಗೆ ಬೆರಳಿನ ಕ್ರಮವೇ ಮೇಲು. ಬ್ಯಾಂಡು ಎಷ್ಟು ಬಿಗಿದಿದೆ, ಯಾವಾಗ ಹರಿಯಬಹುದು ಎಂಬ ಅರಿವು ಚರ್ಮಕ್ಕೆ ಬರುವಂತೆ ಮೊಳೆಗೆ ಬರುವುದಿಲ್ಲ.

ಪಟ್ಟಿ ಬೇಕಾದಷ್ಟು ಉದ್ದವಾದ ಮೇಲೆ ಕೊನೆಯ ಕುಣಿಕೆಗಳನ್ನು ಮೊದಲಿನ ತುದಿಗೆ ಸೇರಿಸಬೇಕು. ಅಂಗಡಿಯಲ್ಲಿ ಇದಕ್ಕೆಂದೇ ಪ್ಲಾಸ್ಟಿಕ್ಕಿನ ಪುಟ್ಟ ಕೊಂಡಿ ಸಿಗುತ್ತದೆ. ಮನೆಯಲ್ಲಿ ಅಂಗಿಯ ಗುಂಡಿಯೊಂದನ್ನು ಆರಂಭದ ತುದಿಗೆ ದಾರದಿಂದ ಕಟ್ಟಿ, ಕೊನೆಯ ಕುಣಿಕೆಯನ್ನು ಹಿಗ್ಗಿಸಿ ಗುಂಡಿಗೆ ಸಿಕ್ಕಿಸಿದರೆ ಬೇಕೆಂದಾಗ ಬಿಚ್ಚಿ ತೊಡಬಹುದಾದ ಪಟ್ಟಿಯಾಗುತ್ತದೆ. ಸೇಫ್ಟಿ ಪಿನ್ನಿನಿಂದ ಜೋಡಿಸುವ ರೂಢಿಯನ್ನು ಬಿಡುವುದೇ ಲೇಸು, ರಬ್ಬರಿನ ಎಳೆತಕ್ಕೆ ಪಿನ್ನು ಬಾಯಿಬಿಟ್ಟು ಚುಚ್ಚುತ್ತದೆ. ನಡುನಡುವೆ ಮಣಿ ಪೋಣಿಸಬೇಕೆಂದಿದ್ದರೆ ತೂತು ದೊಡ್ಡದಾದ ಮಣಿಯೊಳಗೆ ಬ್ಯಾಂಡನ್ನು ತೆಳ್ಳಗಿನ ತಂತಿಯಿಂದ ಎಳೆದು, ಬಳಿಕ ಅದನ್ನೂ ಉಳಿದವುಗಳಂತೆಯೇ ಹೆಣಿಗೆಗೆ ಸೇರಿಸಬೇಕು.

ರಬ್ಬರಿಗೆ ದೊಡ್ಡ ಶತ್ರು ಬಿಸಿಲು. ಬೇಸಿಗೆಯಲ್ಲಿ 40 ಡಿಗ್ರಿ ಸೆಲ್ಸಿಯಸ್ ದಾಟುವ ಸೊಲ್ಲಾಪುರ ಜಿಲ್ಲೆಯಲ್ಲಿ ಕಿಟಕಿಯ ಬಳಿ ಬಿಟ್ಟ ಬ್ಯಾಂಡು ಮೊದಲು ಅಂಟಂಟಾಗಿ ಬಳಿಕ ಒಣಗಿ ಮುರಿಯುತ್ತದೆ. ಗಾಳಿಯಲ್ಲಿ ಅತ್ಯಲ್ಪ ಪ್ರಮಾಣದಲ್ಲಿರುವ ಓಝೋನ್ ಹಿಗ್ಗಿಸಿಟ್ಟ ರಬ್ಬರಿನ ಮೇಲೆ ಅಡ್ಡ ಬಿರುಕುಗಳನ್ನು ಮೂಡಿಸುವುದರಿಂದ, ಹೆಣೆದು ಬಿಗಿಯಾಗಿಟ್ಟ ಪಟ್ಟಿ ಬಿಡಿ ಬ್ಯಾಂಡಿಗಿಂತ ಬೇಗ ಹಾಳಾಗುತ್ತದೆ. ತಲೆಗೆ ಹಚ್ಚುವ ಕೊಬ್ಬರಿ ಎಣ್ಣೆಯೂ ರಬ್ಬರನ್ನು ಉಬ್ಬಿಸಿ ಬಲ ತಗ್ಗಿಸುತ್ತದೆ. ಬಳಸದ ಬ್ಯಾಂಡುಗಳಿಗೆ ಚಿಟಿಕೆ ಪೌಡರ್ ಉದುರಿಸಿ, ಮುಚ್ಚಳ ಬಿಗಿಯಾದ ಸ್ಟೀಲ್ ಡಬ್ಬಿಯಲ್ಲಿ ಹಾಕಿ ನೆರಳಿನಲ್ಲಿಟ್ಟರೆ ಅವು ಬಹುಕಾಲ ಬಾಳುತ್ತವೆ.

ಇದನ್ನು ಧರಿಸುವುದರಲ್ಲಿರುವ ಅಪಾಯವನ್ನು ಹಗುರವಾಗಿ ಕಾಣಲಾಗದು. ಒಂಟಿ ರಬ್ಬರ್ ಬ್ಯಾಂಡನ್ನು ಎಳೆಯ ಮಗುವಿನ ಮಣಿಕಟ್ಟಿಗೋ ಕಾಲಿಗೋ ಹಾಕಿ ಮರೆತಾಗ, ಅದು ದಿನಗಳೆದಂತೆ ಚರ್ಮವನ್ನು ಕೊರೆದು ಒಳಗಿಳಿದು, ಮೇಲೆ ಚರ್ಮ ಕೂಡಿಕೊಂಡು, ಹೊರಗೆ ಕಾಣದಂತೆ ಹುಗಿದುಹೋಗುವುದುಂಟು. ಕೈ ಊದಿಕೊಂಡು ಸುತ್ತಲೂ ವಾಸಿಯಾಗದ ಗಾಯ ಉಳಿಯುವ ಈ ಸ್ಥಿತಿಗೆ ವೈದ್ಯರು ರಬ್ಬರ್ ಬ್ಯಾಂಡ್ ಸಿಂಡ್ರೋಮ್ ಎಂದು ಹೆಸರಿಟ್ಟಿದ್ದಾರೆ; ಇಂಥ ಪ್ರಕರಣಗಳು ಭಾರತದ ವೈದ್ಯಕೀಯ ಬರಹಗಳಲ್ಲಿ ಮತ್ತೆ ಮತ್ತೆ ದಾಖಲಾಗಿವೆ, ದೃಷ್ಟಿಗೆಂದು ಹರಕೆಗೆಂದು ಕಟ್ಟಿದ ದಾರದಿಂದಲೂ ಇದೇ ಬಗೆಯ ಗಾಯವಾಗಿರುವುದು ವರದಿಯಾಗಿದೆ. ಮಾತು ಬಾರದ ಮಗು ನೋವನ್ನು ಅಳುವಿನಲ್ಲಷ್ಟೇ ಹೇಳಬಲ್ಲದು, ಆ ಅಳುವಿಗೆ ಹಸಿವೆಯೋ ಜ್ವರವೋ ಕಾರಣವೆಂದು ಮನೆಯವರು ಬಗೆದರೆ ದಿನಗಳು ಕಳೆದುಹೋಗುತ್ತವೆ. ಆದ್ದರಿಂದ ಮೂರು ವರ್ಷದೊಳಗಿನ ಮಕ್ಕಳಿಗೆ ರಬ್ಬರಿನ ಯಾವ ಪಟ್ಟಿಯನ್ನೂ ತೊಡಿಸಬಾರದು. ದೊಡ್ಡ ಮಕ್ಕಳ ಪಟ್ಟಿಯ ಕೆಳಗೆ ಒಂದು ಬೆರಳು ಸರಾಗವಾಗಿ ಹೋಗುವಷ್ಟು ಸಡಿಲವಿರಬೇಕು, ಮಲಗುವಾಗ ಅದನ್ನು ತೆಗೆದಿಡಬೇಕು. ಹೆಣೆಯುವಾಗ ಬೆರಳಿನ ತುದಿ ನೀಲಿಗಟ್ಟಿದರೆ ಕೂಡಲೇ ಬ್ಯಾಂಡುಗಳನ್ನು ಪೆನ್ಸಿಲಿಗೆ ದಾಟಿಸುವುದು ಒಳ್ಳೆಯದು. ನೈಸರ್ಗಿಕ ರಬ್ಬರಿನಲ್ಲಿರುವ ಸಸಾರಜನಕ ಕೆಲವರ ಮೈಗೆ ಒಗ್ಗದೆ ತುರಿಕೆ, ದದ್ದುಗಳನ್ನು ತರುತ್ತದೆ. ಅಂಥವರಿಗೆ ಸಿಲಿಕೋನಿನ ಬ್ಯಾಂಡುಗಳು ತಕ್ಕವು.

ಕೈಪಟ್ಟಿಗೆ ತೂಗುಬಿಡುವ ಪ್ಲಾಸ್ಟಿಕ್ ಬೊಂಬೆಗಳ ವಿಷಯದಲ್ಲಿ ಬೇರೊಂದು ಎಚ್ಚರ ಬೇಕು. 2014ರಲ್ಲಿ ಬ್ರಿಟನ್ನಿನ ಬರ್ಮಿಂಗ್‌ಹ್ಯಾಮ್ ಅಸ್ಸೇ ಆಫೀಸ್ ನಡೆಸಿದ ಪರೀಕ್ಷೆಯಲ್ಲಿ ಇಂಥ ಕೆಲವು ಬೊಂಬೆಗಳಲ್ಲಿ, ಪ್ಲಾಸ್ಟಿಕ್ಕನ್ನು ಮೆದುವಾಗಿಸಲು ಬೆರೆಸುವ ಥ್ಯಾಲೇಟ್ ರಾಸಾಯನಿಕಗಳು ಯುರೋಪಿನ ಶೇಕಡ 0.1ರ ಮಿತಿಯನ್ನು ಬಹಳವಾಗಿ ಮೀರಿದ್ದುದು ಕಂಡುಬಂದಿತ್ತು. ಭಾರತದಲ್ಲಿ 2021ರ ಜನವರಿ 1ರಿಂದ 14 ವರ್ಷದೊಳಗಿನ ಮಕ್ಕಳ ಆಟಿಕೆಗಳಿಗೆ ಐಎಸ್‌ಐ ಗುರುತು ಕಡ್ಡಾಯವಾಗಿದೆ. ಸಿದ್ಧ ಪೆಟ್ಟಿಗೆ ಕೊಳ್ಳುವವರು ಆ ಗುರುತನ್ನು ನೋಡಿ ಕೊಳ್ಳಬೇಕು.

ಶಾಲೆಯ ಮಟ್ಟಿಗೆ ಈ ಕೈಗೆಲಸಕ್ಕೆ ಈಗಾಗಲೇ ಒಂದು ಜಾಗವಿದೆ. ಮಹಾರಾಷ್ಟ್ರದ ಪ್ರಾಥಮಿಕ ಶಾಲೆಗಳಲ್ಲಿ ಕಾರ್ಯಾನುಭವವೆಂಬ ವಿಷಯದ ಅಡಿಯಲ್ಲಿ ಕಾಗದ, ಮಣ್ಣು, ನೂಲುಗಳ ಕೆಲಸವನ್ನು ಕಲಿಸಲಾಗುತ್ತದೆ. ಅದರ ಹಿಂದೆ 1937ರಲ್ಲಿ ವಾರ್ಧಾ ಸಮ್ಮೇಳನದಲ್ಲಿ ಗಾಂಧೀಜಿ ಮುಂದಿಟ್ಟ ಮೂಲಶಿಕ್ಷಣದ ವಿಚಾರವೂ, 1964-66ರ ಕೊಠಾರಿ ಆಯೋಗದ ಶಿಫಾರಸೂ ಇವೆ. 1967ರಲ್ಲಿ ಪುಣೆಯಲ್ಲಿ ಸ್ಥಾಪನೆಗೊಂಡ ಬಾಲಭಾರತಿ ಸಂಸ್ಥೆ ಕನ್ನಡ ಮಾಧ್ಯಮಕ್ಕೂ ಪಠ್ಯಪುಸ್ತಕಗಳನ್ನು ಅಚ್ಚು ಮಾಡುತ್ತದೆ. ಅಕ್ಕಲಕೋಟ ಸೀಮೆಯ ಕನ್ನಡ ಶಾಲೆಯಲ್ಲಿ ಈ ಹೆಣಿಗೆಯನ್ನು ಕಲಿಸಿದರೆ ಕುಣಿಕೆ, ಎಳೆ, ಹುರಿ, ಹಾಸು, ಹೊಕ್ಕು, ಗೊಂಡೆ ಎಂಬ ಮಾತುಗಳು ಮಕ್ಕಳ ಬಾಯಲ್ಲಿ ಉಳಿಯುತ್ತವೆ ಎಂಬುದು ಸಣ್ಣ ಲಾಭವಲ್ಲ. ಎರಡು ಕೆಂಪು ಒಂದು ಹಳದಿ ಎಂಬ ಸರದಿಯಲ್ಲಿ 50 ಬ್ಯಾಂಡು ಹೆಣೆಯುವಾಗ ಹಳದಿ ಎಷ್ಟು ಬೇಕೆಂಬ ಪ್ರಶ್ನೆಯಲ್ಲಿ ಭಾಗಾಕಾರವಿದೆ. ಭೌತವಿಜ್ಞಾನದ ಪಾಠವೂ ಅದೇ ಬ್ಯಾಂಡಿನಲ್ಲಿದೆ: ಅಗಲವಾದ ಬ್ಯಾಂಡನ್ನು ಥಟ್ಟನೆ ಹಿಗ್ಗಿಸಿ ತುಟಿಗೆ ಮುಟ್ಟಿಸಿದರೆ ಬೆಚ್ಚಗೆನಿಸುತ್ತದೆ, ಸ್ವಲ್ಪ ಹೊತ್ತು ಹಿಗ್ಗಿಸಿಯೇ ಹಿಡಿದಿದ್ದು ಒಮ್ಮೆಲೇ ಸಡಿಲಿಸಿ ಮುಟ್ಟಿಸಿದರೆ ತಣ್ಣಗೆನಿಸುತ್ತದೆ. ಇದನ್ನು 1805ರಲ್ಲಿ ಮೊದಲು ಗುರುತಿಸಿದ ಇಂಗ್ಲೆಂಡಿನ ಜಾನ್ ಗಫ್‌ನಿಗೆ ಕಣ್ಣು ಕಾಣುತ್ತಿರಲಿಲ್ಲ. ತುಟಿಯ ಸ್ಪರ್ಶದಿಂದಲೇ ಆತ ಈ ಗುಣವನ್ನು ಕಂಡುಕೊಂಡಿದ್ದನು.